ಸರ್ವಿಸ್‌ಗೆ ಹೊದಿಸಿದ ಶಾಲು

ಥ್ರೋಬಾಲ್ ಎಂದರೆ ಹೆಂಗಸರು ಹೊಟ್ಟೆ ಕರಗಿಸಿಕೊಳ್ಳಲು ಆಡುವ ಆಟ ಎಂದು ತಿಳಿದ ಗಂಡಸರು ಕತಾರಿನಲ್ಲಿ ಎಷ್ಟು ಮಂದಿ ಇದ್ದರೋ, ಅಷ್ಟೂ ಮಂದಿ ನಮ್ಮ ಕನ್ನಡ ಸಂಘದ ಸಮಿತಿಯಲ್ಲಿದ್ದರು. ಮೊದಲು ಅವರಿಗೆ ಕ್ರಿಕೆಟ್ ಒಂದೇ ಸಾಕಾಗಿತ್ತು. ವಿಶ್ವಕಪ್ ದೋಹಾಕ್ಕೆ ಬರುತ್ತದೆಂದು ಗೊತ್ತಾದ ಮೇಲೆ ಫುಟ್‌ಬಾಲೂ ಬೇಕಾಯಿತು. ಆಫ್‌ಸೈಡ್ ಎಂದರೇನು ಎಂದು ಕೇಳಿದರೆ ಫೋನು ಬಂದವರಂತೆ ಎದ್ದು ಹೋಗುವ ಮಹನೀಯರು ಬ್ರೆಜಿಲ್ಲಿನ ರಕ್ಷಣಾ ವಿಭಾಗದ ಬಗ್ಗೆ ಗಂಟೆಗಟ್ಟಲೆ ಕೊರೆಯುತ್ತಿದ್ದರು. ಸಂಘದ ವಾರ್ಷಿಕ ಮಹಿಳಾ ಥ್ರೋಬಾಲ್ ಪಂದ್ಯಾವಳಿಯನ್ನು ಮಾತ್ರ ಆಹ್ವಾನ ಪತ್ರಿಕೆಯಲ್ಲಿ ರಂಗೋಲಿ ಸ್ಪರ್ಧೆಯ ಕೆಳಗೆ, ಊಟದ ಸಾಲಿನ ಮೇಲೆ ಸಣ್ಣ ಅಕ್ಷರದಲ್ಲಿ ತುರುಕುತ್ತಿದ್ದರು. ಆ ಪಂದ್ಯಾವಳಿಯನ್ನು ವರ್ಷ ವರ್ಷವೂ ಗೆಲ್ಲುತ್ತಿದ್ದವಳು ನಾನು. ನಮ್ಮ ತಂಡ ಎಂದು ಹೇಳಬೇಕಂತೆ, ಹಾಗೆ ಹೇಳಿದರೆ ಚೆನ್ನಾಗಿರುತ್ತದಂತೆ. ವಿನಯ ನನಗೆ ಒಗ್ಗುವುದಿಲ್ಲ, ನಾನು ಎಂದೇ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ಎರಡು ಕಡೆ ಏಳೇಳು ಜನ, ನಡುವೆ ತಲೆಗಿಂತ ಎತ್ತರದ ನೆಟ್. ಹಿಂದಿನ ಗೆರೆಯಾಚೆ ನಿಂತು ಒಬ್ಬಳು ಭುಜದ ಮೇಲಿಂದ ಒಂದೇ ಕೈಯಲ್ಲಿ ಚೆಂಡನ್ನು ಎಸೆಯುತ್ತಾಳೆ, ಅದು ಸರ್ವಿಸ್. ಎದುರಿನವರು ಅದನ್ನು ಎರಡೂ ಕೈಯಲ್ಲಿ ಗಪ್ಪನೆ ಹಿಡಿದು ಮೂರು ಸೆಕೆಂಡಿನೊಳಗೆ ತಿರುಗಿ ಎಸೆಯಬೇಕು. ಚೆಂಡು ಮೈಗೆ ತಾಗಬಾರದು, ಕೈಯಲ್ಲಿ ಕುಣಿಯಬಾರದು, ನೆಲಕ್ಕಂತೂ ಬೀಳಲೇಬಾರದು. ಪಾಯಿಂಟ್ ಬರುತ್ತಿರುವ ತನಕ ಅದೇ ಹೆಂಗಸು ಸರ್ವಿಸ್ ಹಾಕುತ್ತಾ ಹೋಗಬಹುದು. ಅಂದರೆ ಸರ್ವಿಸ್ ಹಿಡಿಯುವ ಯೋಗ್ಯತೆ ಎದುರಿನವರಿಗೆ ಇಲ್ಲವಾದರೆ ಆಟ ಶುರುವಾಗುವ ಮೊದಲೇ ಮುಗಿಯುತ್ತದೆ. ನಾನು ಆಡಿದ ಆಟಗಳು ಬಹುಪಾಲು ಹಾಗೆಯೇ ಮುಗಿದವು.

ಮೈಸೂರಿನಲ್ಲಿ ಕಾಲೇಜು ಸೇರಿದ ವರ್ಷ ನನ್ನ ಕೈ ನೋಡಿದ ವ್ಯಾಯಾಮದ ಮೇಷ್ಟ್ರು, ಈ ಹುಡುಗಿಗೆ ಯಾರೂ ಏನೂ ಹೇಳಿಕೊಡಬೇಡಿ, ಕೆಡಿಸಿಬಿಡ್ತೀರಿ ಎಂದು ಉಳಿದವರಿಗೆ ತಾಕೀತು ಮಾಡಿದ್ದರು. ನನ್ನ ಸರ್ವಿಸ್ ನೆಟ್ ದಾಟುವವರೆಗೆ ನೆಟ್ಟಗೆ ಹೋಗಿ ಆಮೇಲೆ ಸೊರಗಿದಂತೆ ಕೆಳಗಿಳಿಯುತ್ತಿತ್ತು. ಎದೆಗೆ ಬರುತ್ತದೆಂದು ಕೈ ಒಡ್ಡಿದವಳ ಮೊಣಕಾಲಿಗೆ ಬಂದು ಬಡಿಯುತ್ತಿತ್ತು. ಹೇಗೆ ಎಂದು ಕೇಳಿದರೆ ನನಗೂ ಗೊತ್ತಿರಲಿಲ್ಲ. ಚೆಂಡು ಕೈಬಿಡುವ ಗಳಿಗೆಯಲ್ಲಿ ಬೆರಳುಗಳು ಅದರ ನೆತ್ತಿ ಸವರಿಕೊಂಡು ಬರುತ್ತಿದ್ದವು, ಅಷ್ಟೆ. ಕಾಲೇಜು ಮುಗಿಯುತ್ತಲೇ ಒಂದು ಕಾರ್ಖಾನೆಯವರು ಕರೆದು ಕೆಲಸ ಕೊಟ್ಟರು. ಹಾಜರಿ ಪ್ಯಾಕಿಂಗ್ ವಿಭಾಗದಲ್ಲಿ, ದುಡಿಮೆ ಮೈದಾನದಲ್ಲಿ. ಬೇರೆ ಕಾರ್ಖಾನೆಗಳ ಹೆಂಗಸರ ಬೆವರಿಳಿಸುವುದಕ್ಕೇ ನನಗೆ ತಿಂಗಳ ಸಂಬಳ ಬರುತ್ತಿತ್ತು. ಚೆಂಡು ಎಸೆದು ಹೊಟ್ಟೆ ಹೊರೆದವಳು ನಾನು, ಇದನ್ನು ನಮ್ಮ ಸಮಿತಿಯ ಮಹನೀಯರಲ್ಲಿ ಒಬ್ಬರೂ ಹೇಳಿಕೊಳ್ಳುವಂತಿರಲಿಲ್ಲ.

ಮದುವೆಯಾಗಿ ದೋಹಾಕ್ಕೆ ಬಂದೆ. ಯಜಮಾನರು ರಸ್ತೆ ಮಾಡುವ ಒಂದು ಗುತ್ತಿಗೆ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದರು. ವಿಶ್ವಕಪ್ಪಿಗೆಂದು ಊರಿಗೆ ಊರನ್ನೇ ಅಗೆದು ಹಾಕಿದ್ದ ಕಾಲ ಅದು. ಬೆಳಿಗ್ಗೆ ಹೋದ ದಾರಿ ಸಂಜೆ ಇರುತ್ತಿರಲಿಲ್ಲ. ಅಲ್ ರಯ್ಯಾನಿನಲ್ಲಿ ಒಂದು ಹಳೆಯ ವಿಲ್ಲಾವನ್ನು ನಾಲ್ಕು ಪಾಲು ಮಾಡಿದ್ದರಲ್ಲಿ ಒಂದು ಪಾಲು ನಮ್ಮದು. ನಾನೂ ವೆಸ್ಟ್ ಬೇಯ ಒಂದು ಆಫೀಸಿನಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆದೆ. ಅಂದರೆ ಯಾರೂ ಓದದ ಕಾಗದಗಳಿಗೆ ನಂಬರು ಹಾಕುವ ಕೆಲಸ. ಸಂಘದವರು ಥ್ರೋಬಾಲಿಗೆ ಹೆಸರು ಕೇಳಿದಾಗ ಯಜಮಾನರು, ನಮ್ಮನೆಯವಳೂ ಸ್ವಲ್ಪ ಆಡ್ತಾಳೆ ಎಂದರಂತೆ. ಸ್ವಲ್ಪ! ಆ ವರ್ಷದ ಫೈನಲ್ ಮುಗಿದಾಗ ಊಟದವರು ಇನ್ನೂ ಬಂದಿರಲಿಲ್ಲ, ಅಷ್ಟು ಬೇಗ ಮುಗಿಸಿದ್ದೆ. ಅನ್ನಕ್ಕೆ ಕಾಯುತ್ತಾ ಕುಳಿತ ಜನ ನನ್ನನ್ನು ನೋಡಿದ ರೀತಿ ಮೆಚ್ಚುಗೆಯದಾಗಿರಲಿಲ್ಲ.

ಆಫೀಸಿನಲ್ಲಿ ಒಬ್ಬ ಅಮೆರಿಕದವನಿದ್ದ, ಒಳ್ಳೆಯ ಮನುಷ್ಯ. ಸಂಘದ ವಿಡಿಯೋ ಒಂದನ್ನು ನೋಡಿ, ಅರೆ, ನೀನು ಪಿಚ್ಚರ್ ಕಣಮ್ಮಾ ಎನ್ನುವ ಅರ್ಥದಲ್ಲಿ ಕೂಗಿಕೊಂಡ. ಅವರ ದೇಶದಲ್ಲಿ ಬೇಸ್‌ಬಾಲ್ ಎಂಬ ಆಟವಿದೆ, ಅದರಲ್ಲಿ ಮಣ್ಣಿನ ದಿಬ್ಬದ ಮೇಲೆ ನಿಂತು ಚೆಂಡು ಎಸೆಯುವವನು ಪಿಚ್ಚರ್, ಅವನು ಚೆನ್ನಾಗಿದ್ದರೆ ಉಳಿದವರು ಸುಮ್ಮನೆ ನಿಂತಿದ್ದರೂ ನಡೆಯುತ್ತದೆ ಎಂದು ವಿವರಿಸಿದ. ಊಟದ ಬಿಡುವಿನಲ್ಲಿ ಅಂಥವನೊಬ್ಬನ ಆಟವನ್ನು ಫೋನಿನಲ್ಲಿ ತೋರಿಸಿದ. ಪರವಾಗಿಲ್ಲ, ಎಸೆತದಲ್ಲಿ ಇಳಿತವಿತ್ತು. ಆದರೆ ಎದುರಿನವನ ಕೈಯಲ್ಲಿ ದೊಣ್ಣೆ, ಹಿಡಿಯುವವನ ಕೈಗೆ ದಿಂಬಿನಷ್ಟು ದಪ್ಪದ ಗವಸು. ಬರಿಗೈಯವರ ಮುಂದೆ ಎಸೆದು ತೋರಿಸಲಿ ಎಂದೆ. ಪಿಚ್ಚರನ ಕೈ ಸೋತಾಗ ಏನು ಮಾಡುತ್ತಾರೆ ಎಂದೂ ಕೇಳಿದೆ. ತಂಡದ ಮ್ಯಾನೇಜರ್ ಮೈದಾನದೊಳಕ್ಕೆ ನಡೆದು ಬಂದು ಎಲ್ಲರೆದುರು ಕೈ ಚಾಚುತ್ತಾನೆ, ಚೆಂಡು ಕೊಟ್ಟು ಹೊರಗೆ ಹೋಗಬೇಕು ಎಂದ. ಎಷ್ಟು ಒರಟು ಜನ ಎಂದುಕೊಂಡೆ ಆಗ.

ನನ್ನ ತಂಡದ ಉಳಿದ ಆರು ಮಂದಿಯಲ್ಲಿ ಒಬ್ಬಳು ನಮ್ಮ ವಿಲ್ಲಾದ ಹಿಂದಿನ ಪಾಲಿನಲ್ಲೇ ಇದ್ದಳು. ಉಡುಪಿಯ ಕಡೆಯವಳು, ಗಂಡನ ಜೊತೆ ತುಳು, ನನ್ನ ಜೊತೆ ಕನ್ನಡ, ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಮಲಯಾಳ. ನನಗೆ ಡ್ರೈವಿಂಗ್ ಲೈಸೆನ್ಸ್ ಕೊಡಲು ಇಲ್ಲಿಯ ಪೊಲೀಸರು ಒಪ್ಪದ್ದರಿಂದ ಅಭ್ಯಾಸಕ್ಕೆ ಅವಳ ಕಾರೇ ಗತಿ. ಅಕ್ಕ ಅಕ್ಕ ಎಂದು ಹಿಂದೆ ಮುಂದೆ ಸುತ್ತುತ್ತಿದ್ದಳು. ಒಮ್ಮೆ ನನಗೂ ಸರ್ವಿಸ್ ಹೇಳಿಕೊಡಿ ಎಂದು ಕೇಳಿದಳು. ಹಾಕಿ ತೋರಿಸು ಎಂದರೆ ತೆಂಗಿನಕಾಯಿ ಒಡೆಯುವವಳಂತೆ ಎತ್ತಿ ಕುಕ್ಕಿದಳು. ಬೇಡ ಕಣೇ, ನೀನು ಹಿಂದೆ ನಿಂತ್ಕೊಂಡು ಬಂದದ್ದನ್ನ ಹಿಡಿ ಸಾಕು ಎಂದೆ. ಅವಳು ಹಿಂದೆ ನಿಂತಳು. ಹಿಡಿಯಲು ಏನೂ ಬರುತ್ತಿರಲಿಲ್ಲ, ಅದು ನನ್ನ ಹೆಚ್ಚುಗಾರಿಕೆ.

ಕೊರೋನಾ ಬಂದು ಪಂದ್ಯಾವಳಿ ನಿಂತಿತು. ಸಂಘದವರು ಮೊಬೈಲಿನಲ್ಲಿ ಅಂತ್ಯಾಕ್ಷರಿ ನಡೆಸಿ ಅದನ್ನೇ ಸಾಂಸ್ಕೃತಿಕ ಕ್ರಾಂತಿ ಎಂದು ಹೇಳಿಕೊಂಡರು. ನಾನು ವಿಲ್ಲಾದ ಕಾಂಪೌಂಡ್ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದು ದಿನವೂ ಚೆಂಡು ಎಸೆದೆ. ಆಚೆ ಮನೆಯ ಸುಡಾನಿ ಮುದುಕ ಗೋಡೆಯ ಮೇಲಿಂದ ತಲೆ ಹಾಕಿ, ಖಲಾಸ್ ಮದಾಮ್, ಖಲಾಸ್ ಎಂದು, ಸಾಕು ನಿಲ್ಲಿಸು ಎನ್ನುವಂತೆ ಕೈ ಮುಗಿದ. ಅವನಿಗಾದರೂ ನನ್ನ ಸರ್ವಿಸ್‌ನ ಪೆಟ್ಟು ಎಷ್ಟೆಂದು ತಿಳಿದಿತ್ತು. ಭುಜ ನೋಯಲು ಶುರುವಾದದ್ದು ಆಗಲೇ. ನಲವತ್ತು ದಾಟಿತ್ತು, ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಂಡು ಮತ್ತೆ ಎಸೆಯುತ್ತಿದ್ದೆ. ವಿಶ್ವಕಪ್ ಮುಗಿದರೆ ಯಜಮಾನರ ಪ್ರಾಜೆಕ್ಟೂ ಮುಗಿಯುತ್ತದೆ, ನಾವು ಗಂಟುಮೂಟೆ ಕಟ್ಟುವುದು ಖಂಡಿತ ಎಂದು ಗೊತ್ತಿತ್ತು. ಹಾಗಾಗಿ ವಿಶ್ವಕಪ್ ವರ್ಷದ ಪಂದ್ಯಾವಳಿಯೇ ನನಗೆ ಕಡೆಯದು. ಅದೊಂದನ್ನು ಆಡಬೇಕು, ಗೆಲ್ಲಬೇಕು, ಆಮೇಲೆ ಕೈ ಬಿದ್ದುಹೋದರೂ ಚಿಂತೆಯಿಲ್ಲ ಎಂದುಕೊಂಡಿದ್ದೆ. ಬೇರೆ ಆಸೆ ನನಗೆ ಇರಲಿಲ್ಲ.

ಆ ವರ್ಷ ಬಂತು. ವೆಸ್ಟ್ ಬೇಯ ಕಟ್ಟಡಗಳ ಮೈತುಂಬ ಆಟಗಾರರ ಚಿತ್ರಗಳು, ರಸ್ತೆಗೊಂದು ತಡೆ, ಊರಿನಿಂದ ಬರುತ್ತೇವೆಂದು ದಿನವೂ ಫೋನು ಮಾಡುವ ನೆಂಟರು. ನಮ್ಮ ಸಮಿತಿಯವರಿಗಂತೂ ಮೈಮೇಲೆ ಬಂದ ಹಾಗಾಗಿತ್ತು. ಥ್ರೋಬಾಲನ್ನೂ ವಿಶ್ವಕಪ್ ಮಾದರಿಯಲ್ಲಿ ನಡೆಸುವುದೆಂದು ನಿರ್ಣಯ ಮಾಡಿ, ಸೂಕ್ ವಾಕಿಫ್‌ನ ಒಂದು ಹೋಟೆಲಿನಲ್ಲಿ ಕಬಾಬು ತಿನ್ನುತ್ತಾ ಗಾಜಿನ ಬಟ್ಟಲಿನಿಂದ ಚೀಟಿ ಎತ್ತಿದರು. ಪ್ರತಿ ತಂಡಕ್ಕೂ ಒಂದೊಂದು ದೇಶ. ಮಂಡ್ಯ, ಹಾಸನದ ಹೆಂಗಸರು ಜರ್ಮನಿಯಾದರು. ನಮಗೆ ಬ್ರೆಜಿಲ್ ಬಂತು. ಹಳದಿ ಜೆರ್ಸಿಯ ಅಳತೆ ಕೇಳಲು ಬರುತ್ತಾರೆಂದು ಕಾಯುತ್ತಿದ್ದೆ, ಒಂದು ಸಂಜೆ ಅಧ್ಯಕ್ಷರೇ ಮನೆಗೆ ಬಂದರು.

ಅಧ್ಯಕ್ಷರು ಬೆಂಗಳೂರಿನವರು, ಇಲ್ಲಿ ಯಾವುದೋ ಕಂಪನಿಯ ಮ್ಯಾನೇಜರು. ಬೆಣ್ಣೆ ಹಚ್ಚದೆ ಒಂದು ಲೋಟ ನೀರನ್ನೂ ಕೇಳದ ಮನುಷ್ಯ. ಕಾಫಿ ಮುಗಿಯುವ ತನಕ ನನ್ನ ಸಾಧನೆಯ ಬಗ್ಗೆ ಮಾತಾಡಿದರು. ಯಜಮಾನರು ಹರಳೆಣ್ಣೆ ಕುಡಿದವರ ಮುಖ ಮಾಡಿಕೊಂಡು ಪಕ್ಕದಲ್ಲಿ ಕುಳಿತಿದ್ದರು. ಅದನ್ನು ನೋಡಿಯೇ ನನಗೆ ಏನೋ ನಡೆದಿದೆ ಎಂದು ತಿಳಿಯಿತು.

"ಈ ಸಲ ಮುಖ್ಯ ಅತಿಥಿ ನೀವೇ ಮೇಡಂ. ಸನ್ಮಾನ ಇಟ್ಕೊಂಡಿದೀವಿ. ಉದ್ಘಾಟನೆಗೆ ಮೊದಲ ಸರ್ವಿಸ್ ಕೂಡ ನಿಮ್ಮ ಕೈಯಿಂದಾನೇ" ಎಂದರು.

ಸಂತೋಷ, ಸನ್ಮಾನ ಮುಗಿಸಿ ಜೆರ್ಸಿ ಹಾಕ್ಕೋತೀನಿ ಎಂದೆ. ಅಧ್ಯಕ್ಷರು ಲೋಟದ ತಳ ನೋಡಿದರು. ಮುಖ್ಯ ಅತಿಥಿ ಆಡುವ ಹಾಗಿಲ್ಲವಂತೆ, ಪ್ರೋಟೋಕಾಲ್ ಅಂತೆ. ವೇದಿಕೆಯ ಮೇಲೆ ಕುಳಿತು ಬಹುಮಾನ ಕೊಡುವವರೇ ಬಹುಮಾನ ತೆಗೆದುಕೊಂಡರೆ ಹೇಗೆ ಎಂದು ನಕ್ಕರು. ನಾನು ನಗಲಿಲ್ಲ. ಹಾಗಾದರೆ ಮುಖ್ಯ ಅತಿಥಿ ಬೇರೆಯವರಾಗಲಿ, ನಾನು ಆಡುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿದೆ. ಆಗ ಯಜಮಾನರು ಬಾಯಿಬಿಟ್ಟರು, ಒಪ್ಪಿಯಾಗಿದೆ ಕಣೇ, ಬ್ಯಾನರ್ ಪ್ರಿಂಟಿಗೆ ಹೋಗಿದೆ ಎಂದರು. ಕಾರ್ಖಾನೆಯವರು ಸಹ ನನ್ನನ್ನು ಕೇಳದೆ ನನ್ನ ಕೈಯನ್ನು ಯಾರಿಗೂ ಕೊಟ್ಟಿರಲಿಲ್ಲ.

ಅಧ್ಯಕ್ಷರು ಹೋದ ಮೇಲೆ ಯಜಮಾನರಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ. ಅವರು ತಿಪ್ಪೆ ಸಾರಿಸಲು ನೋಡಿದರು. ನಿನಗೆ ಭುಜ ನೋವು, ಇಂಥ ಗೌರವ ಯಾರಿಗೆ ಸಿಗುತ್ತೆ ಎಂದರು. ಗೌರವವಂತೆ. ನಮ್ಮವರ ಸನ್ಮಾನ ಎಂಥದ್ದೆಂದು ನನಗೆ ಗೊತ್ತಿಲ್ಲವೇ? ಯಾರು ಜಾಗ ಬಿಡಬೇಕೋ ಅವರಿಗೆ ಶಾಲು ಹೊದಿಸುತ್ತಾರೆ. ಬಾಯಿ ಮುಚ್ಚಬೇಕಾದವರ ಕೊರಳಿಗೆ ಗಂಧದ ಹಾರ ಹಾಕುತ್ತಾರೆ. ಕೈಯಲ್ಲಿ ಹಣ್ಣಿನ ತಟ್ಟೆ ಹಿಡಿಸಿದರೆ ಆ ಕೈಗೆ ಬೇರೇನೂ ಮಾಡಲು ಬರುವುದಿಲ್ಲ. ಅಮೆರಿಕದವರು ನಡೆದು ಬಂದು ಚೆಂಡು ಕೊಡು ಎಂದು ಕೈ ಚಾಚುತ್ತಾರೆ, ಅದಕ್ಕೆ ಒಂದು ಮರ್ಯಾದೆಯಿದೆ. ಅವರನ್ನು ಒರಟರು ಎಂದುಕೊಂಡದ್ದಕ್ಕೆ ನನಗೆ ನಗು ಬಂತು.

ನನಗೆ ಸಂಶಯವಿದ್ದದ್ದು ಎದುರಿನ ತಂಡಗಳ ಮೇಲೆ. ಸೋತು ಸೋತು ಹೊಟ್ಟೆ ಉರಿದು ಅಧ್ಯಕ್ಷರ ಕಿವಿ ಕಚ್ಚಿದ್ದಾರೆ, ಆ ಮನುಷ್ಯ ಎಲ್ಲರಿಗೂ ಒಳ್ಳೆಯವನಾಗಲು ಹೋಗಿ ನನ್ನನ್ನು ವೇದಿಕೆಗೆ ಹತ್ತಿಸುತ್ತಿದ್ದಾನೆ. ಇದಕ್ಕೆ ಮದ್ದು ಸುಲಭವಿತ್ತು. ನಾನಿಲ್ಲದಿದ್ದರೆ ನಾವೂ ಆಡುವುದಿಲ್ಲ ಎಂದು ನನ್ನ ತಂಡ ಹೇಳಿದರೆ ಸಾಕು, ಬ್ರೆಜಿಲ್ ಇಲ್ಲದ ವಿಶ್ವಕಪ್ ಹೇಗೆ ಮಾಡುತ್ತಾರೋ ನೋಡೋಣ. ಮರುದಿನ ಆಫೀಸಿನಿಂದ ಬಂದವಳೇ ಹಿಂದಿನ ಪಾಲಿಗೆ ಹೋದೆ. ಉಡುಪಿಯವಳು ಗೋಳಿಬಜೆ ಕರಿಯುತ್ತಿದ್ದಳು. ನಾನು ಅಧ್ಯಕ್ಷರಿಂದ ಶುರುಮಾಡಿ ಇಡೀ ಸಮಿತಿಯ ನೀರಿಳಿಸಿದೆ. ಅವಳು ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಒಲೆ ಆರಿಸಿ ನನ್ನ ಕಡೆ ತಿರುಗಿದಳು.

"ಅಧ್ಯಕ್ಷರಿಗೆ ಬೈಯುದು ಬೇಡ ಅಕ್ಕ. ಹೋಗಿ ಹೇಳಿದ್ದು ನಾವೇ."

ನಾವು ಅಂದರೆ ಯಾರು ಎಂದೆ. ಆರೂ ಜನ ಎಂದಳು. ಅವಳು ಬಜೆಯ ತಟ್ಟೆಯನ್ನು ನನ್ನ ಮುಂದಿಟ್ಟು ಎದುರು ಕುಳಿತಳು.

"ಇಷ್ಟು ವರ್ಷ ನಾವು ಗೆದ್ದದ್ದು ಉಂಟು. ಆಡಿದ್ದು ಇಲ್ಲ. ಪಂದ್ಯದಲ್ಲಿ ನನ್ನ ಕೈಗೆ ಚೆಂಡು ಬಂದದ್ದು ಯಾವಾಗ, ನೀವೇ ಹೇಳಿ ನೋಡುವ. ಮಕ್ಕಳು ಕೇಳ್ತಾರೆ, ಅಮ್ಮ ನೀನು ಅಲ್ಲಿ ಎಂತ ಮಾಡುದು ಅಂತ."

ಹಾಗಿದ್ದರೆ ನನ್ನ ಮುಖಕ್ಕೇ ಹೇಳಬೇಕಿತ್ತು ಎಂದೆ. ನಿಮ್ಮ ಮುಖಕ್ಕೆ ಹೇಳುವ ಧೈರ್ಯ ಯಾರಿಗೆ ಉಂಟು ಅಕ್ಕ ಎಂದಳು, ಅದನ್ನು ನನ್ನ ಮುಖಕ್ಕೇ ಹೇಳಿದಳು. ಸಿಟ್ಟು ಬಂದಾಗ ನನಗೆ ಹಸಿವು ಜಾಸ್ತಿ. ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದು, ಆಡಿ ನೋಡಿ, ನಾನಿಲ್ಲದೆ ಅರ್ಧ ಗಂಟೆಯಲ್ಲಿ ಮನೆಗೆ ಬರ್ತೀರಿ ಎಂದು ಹೇಳಿ ಎದ್ದೆ. ಮನೆಗೆ ಬಂದು ಅತ್ತೆ. ಅಳುವುದು ನನಗೆ ಹಿಡಿಸದ ಕೆಲಸ, ಆದರೂ ಅತ್ತೆ. ಎದುರಾಳಿಗಳು ನನ್ನನ್ನು ಹೊರಹಾಕಿದ್ದರೆ ಎದೆ ಸೆಟೆಸಿಕೊಂಡು ಹೋಗುತ್ತಿದ್ದೆ. ನಾನು ಯಾರ ಕೈಗೆ ಕಪ್ ಮೇಲೆ ಕಪ್ ತಂದಿಟ್ಟೆನೋ ಆ ಕೃತಘ್ನ ಹೆಂಗಸರೇ ಹೊರಹಾಕಿದ್ದರು.

ಒಂದು ಶುಕ್ರವಾರ, ಶಾಲೆಯೊಂದರ ಒಳಾಂಗಣದಲ್ಲಿ ಪಂದ್ಯಾವಳಿ. ರೇಷ್ಮೆ ಸೀರೆ ಉಟ್ಟು ಹೋದೆ, ಹೋಗದೆ ಇದ್ದರೆ ಹೆದರಿದಳು ಎನ್ನುತ್ತಾರೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಎಂದು ಒಬ್ಬರಾದ ಮೇಲೆ ಒಬ್ಬರು ಮೈಕು ನೆಕ್ಕಿದರು. ನನ್ನ ಪರಿಚಯ ಮಾಡಿಕೊಟ್ಟ ಪುಣ್ಯಾತ್ಮ ನನ್ನನ್ನು ವಾಲಿಬಾಲ್ ಆಟಗಾರ್ತಿ ಎಂದ. ಆಮೇಲೆ ಶಾಲು, ಹಾರ, ಹಣ್ಣಿನ ತಟ್ಟೆ. ಅರಬ್ಬಿ ಕಾಫಿ ಹೂಜಿಯೊಂದನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂರಿಸಿ ಕೊಟ್ಟರು. ದೋಹಾದಲ್ಲಿ ಅದು ಸಿಗದ ಮನೆಯಿಲ್ಲ, ಅದರಲ್ಲಿ ಕಾಫಿ ಕುಡಿದವರನ್ನು ನಾನು ಕಂಡಿಲ್ಲ. ಮೈಸೂರು ಪೇಟವನ್ನೂ ತಲೆಗಿಟ್ಟರು, ಫೋಟೊ ಆದ ತಕ್ಷಣ ಅದನ್ನು ತೆಗೆದು ಮುಂದಿನವರಿಗೆಂದು ಡಬ್ಬಿಗೆ ಹಾಕಿಕೊಂಡರು. ಅಧ್ಯಕ್ಷರು, ಇವರು ಆಟವನ್ನು ಯುವಪೀಳಿಗೆಗೆ ಬಿಟ್ಟುಕೊಟ್ಟ ತ್ಯಾಗಮಯಿ ಎಂದರು. ಯುವಪೀಳಿಗೆ ಎಂದರೆ ನನಗಿಂತ ಎರಡು ವರ್ಷಕ್ಕೆ ಚಿಕ್ಕವರಾದ ನನ್ನ ತಂಡದವರು.

ಕೊನೆಗೆ ಉದ್ಘಾಟನೆ. ಮೊದಲ ಪಂದ್ಯ ಬ್ರೆಜಿಲ್ಲಿನದೇ. ನನ್ನ ಆರು ಮಂದಿ, ನನ್ನ ಜಾಗಕ್ಕೆ ತಂದುಕೊಂಡ ಇನ್ನೊಬ್ಬಳು, ಎಲ್ಲ ಹಳದಿ ಜೆರ್ಸಿ ಹಾಕಿ ನೆಟ್‌ನ ಆಚೆ ಸಾಲಾಗಿ ನಿಂತಿದ್ದರು. ಈಚೆ ಕಡೆ ಆಡಬೇಕಾದ ಜರ್ಮನಿಯವರು ಅಂಕಣದ ಹೊರಗೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಉದ್ಘಾಟನೆಯ ಸರ್ವಿಸ್ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಮುಖ್ಯ ಅತಿಥಿ ಮಗುವಿಗೆ ಎಸೆದ ಹಾಗೆ ಎಸೆಯುತ್ತಾರೆ, ಚೆಂಡು ನೆಟ್‌ಗೆ ತಾಗಿ ಬೀಳುತ್ತದೆ, ಚಪ್ಪಾಳೆ. ಎಸೆದ ಮೇಲೆ ಕ್ಯಾಮೆರಾ ಕಡೆ ನೋಡಿ ಎಂದು ಅಧ್ಯಕ್ಷರು ನನಗೆ ಹೇಳಿದರು.

ಶಾಲು ತೆಗೆದು ಅವರ ಕೈಗೇ ಕೊಟ್ಟೆ. ಹಾರವನ್ನೂ ಕೊಟ್ಟೆ. ಸೆರಗನ್ನು ಸೊಂಟಕ್ಕೆ ಬಿಗಿದು, ಚಪ್ಪಲಿ ಬಿಟ್ಟು, ಹಿಂದಿನ ಗೆರೆಯಾಚೆ ಹೋಗಿ ನಿಂತೆ. ಆಚೆ ಹಿಂದಿನ ಸಾಲಿನ ನಡುವೆ ಉಡುಪಿಯವಳು ನಿಂತಿದ್ದಳು. ಅಂಪೈರ್ ಒಬ್ಬ ಮಲಯಾಳಿ ವ್ಯಾಯಾಮದ ಟೀಚರು, ನಿಯಮದ ಹೆಂಗಸು, ನಾನು ಸಿದ್ಧಳಾದದ್ದನ್ನು ನೋಡಿ ನಿಜವಾಗಿಯೂ ಸೀಟಿ ಊದಿದರು. ಇದ್ದ ಸಿಟ್ಟೆಲ್ಲವನ್ನೂ ಭುಜಕ್ಕೆ ತಂದು, ನೋವು ಗೀವು ನೋಡದೆ, ಅವಳಿಗೇ ಗುರಿಯಿಟ್ಟು ಎಸೆದೆ. ಅಷ್ಟು ಒಳ್ಳೆಯ ಸರ್ವಿಸ್ ನಾನು ಕಾರ್ಖಾನೆಯಲ್ಲೂ ಹಾಕಿರಲಿಲ್ಲ. ನೆಟ್‌ನ ಅಂಚು ಸವರಿಕೊಂಡಂತೆ ಹೋಗಿ ಅವಳ ಎದೆಯ ಮುಂದೆ ಕೆಳಗಿಳಿಯಿತು.

ಅವಳು ಎದೆಗೆ ಕೈ ಒಡ್ಡಲೇ ಇಲ್ಲ. ಚೆಂಡು ನನ್ನ ಕೈ ಬಿಡುತ್ತಿದ್ದಂತೆ ಎರಡು ಹೆಜ್ಜೆ ಹಿಂದೆ ಸರಿದು, ಮಂಡಿ ಬಗ್ಗಿಸಿ, ಎರಡೂ ಕೈಗಳನ್ನು ಮೊಣಕಾಲಿನ ಬಳಿ ಇಟ್ಟು ಕಾದಿದ್ದಳು. ಎಂಟು ವರ್ಷ ಹಿಂದಿನ ಸಾಲಿನಲ್ಲಿ ನಿಂತು ನನ್ನ ಸರ್ವಿಸ್ ನೋಡುತ್ತಲೇ ಇದ್ದವಳು, ಚೆಂಡು ಎಲ್ಲಿಳಿಯುತ್ತದೆಂದು ಇಡೀ ಕತಾರಿನಲ್ಲಿ ಅವಳೊಬ್ಬಳಿಗೆ ಗೊತ್ತಿತ್ತು. ಗಪ್ಪನೆ ಹಿಡಿದಳು. ಚೆಂಡು ಕೈಯಲ್ಲಿ ಕುಣಿಯಲಿಲ್ಲ. ನಿಂತ ಕಾಲಲ್ಲೇ ತಿರುಗಿ ಎಸೆದಳು, ಅದು ನೆಟ್ ದಾಟಿ ಈಚೆ ಅಂಕಣದ ನಡುವೆ ನೆಲಕ್ಕೆ ಬಿತ್ತು.

ಅಂಪೈರ್ ಅಭ್ಯಾಸಬಲದಿಂದ ಬ್ರೆಜಿಲ್ ಕಡೆಗೆ ಕೈ ಚಾಚಿದರು. ಹಳದಿ ಜೆರ್ಸಿಯವರೆಲ್ಲ ಕಿರುಚಿಕೊಂಡು ಅವಳನ್ನು ತಬ್ಬಿ ಕುಣಿದರು. ನನ್ನ ತಂಡ ಅಷ್ಟು ಕುಣಿದದ್ದನ್ನು ಯಾವ ಫೈನಲ್ಲಿನಲ್ಲೂ ನಾನು ನೋಡಿರಲಿಲ್ಲ. ನನಗೆ ಹೊಟ್ಟೆ ಉರಿದುಹೋಯಿತು. ಇಷ್ಟು ಸುಲಭದ ಚೆಂಡನ್ನು ಬಿಟ್ಟವರು ಯಾರು, ಒಬ್ಬರಿಗಾದರೂ ಕೈ ಒಡ್ಡಲು ಆಗಲಿಲ್ಲವೇ ಎಂದು ಬೈಯಲು ಬಾಯಿ ತೆರೆದು ಪಕ್ಕಕ್ಕೆ ತಿರುಗಿದೆ. ಈಚೆ ಕಡೆ ನನ್ನೊಬ್ಬಳನ್ನು ಬಿಟ್ಟರೆ ಯಾರೂ ಇರಲಿಲ್ಲ.